ಗೆರೆ ಬಿಟ್ಟ ಮೂರು ಚುಕ್ಕೆ

ಆ ಒಂದು ಚುಕ್ಕೆಯನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಗ್ರಾಫ್ ಹಾಳೆಯ ಮೇಲಿದ್ದ ಐದು ಚುಕ್ಕೆಗಳಲ್ಲಿ ನಾಲ್ಕು ಒಂದರ ಹಿಂದೊಂದು ಮರ್ಯಾದೆಯಾಗಿ ಮೇಲೇರಿದ್ದವು. ಇನ್ನೂರಿಪ್ಪತ್ತು ಡಿಗ್ರಿಯದು ಮಾತ್ರ ಯಾರೋ ತಳ್ಳಿದ ಹಾಗೆ ಕೆಳಗೆ ಬಿದ್ದುಕೊಂಡಿತ್ತು. ಅದು ಸೋಮವಾರ. ಹರಿಹರದಲ್ಲಿ ನಡೆಯಬೇಕಿದ್ದ ಜಿಲ್ಲಾ ಮಟ್ಟದ ಮಕ್ಕಳ ವಿಜ್ಞಾನ ಗೋಷ್ಠಿಗೆ ಒಂಬತ್ತೇ ದಿನ ಉಳಿದಿತ್ತು.

ನಾನು ದಾವಣಗೆರೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಆ ವರ್ಷ ನಮ್ಮ ಶಾಲೆಯಿಂದ ಗೋಷ್ಠಿಗೆ ಆಯ್ಕೆಯಾಗಿದ್ದು ಒಂದೇ ಒಂದು ಪ್ರಾಜೆಕ್ಟ್. ಅದನ್ನು ಮಾಡಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಅವಳ ಸೋದರಮಾವನದು ಮಂಡಕ್ಕಿ ಹುರಿಯುವ ಭಟ್ಟಿ. ಮರಳು ಎಷ್ಟು ಕಾದರೆ ಅಕ್ಕಿ ಎಷ್ಟು ಅರಳುತ್ತದೆ ಅನ್ನುವುದು ಅವಳ ಪ್ರಶ್ನೆ. ಈ ಊರಲ್ಲಿ ಮಂಡಕ್ಕಿ ತಿನ್ನದವರು ಯಾರಿದ್ದಾರೆ? ಆದರೆ ಇಷ್ಟು ವರ್ಷ ಮುಕ್ಕಿದ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಕೇಳಿದ ಕೂಡಲೇ ಭೇಷ್ ಅಂದಿದ್ದೆ.

ಹಿಂದಿನ ಶುಕ್ರವಾರ ಸರ್ಕಾರಿ ರಜೆ ಇತ್ತು. ಅವತ್ತೇ ಭಟ್ಟಿಯಲ್ಲಿ ಅಳತೆ ಮಾಡಿದ್ದಳು. ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿರುವ ನನ್ನ ತಮ್ಮ ಉದ್ದ ತಂತಿಯ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕೇಳಿ ತಂದುಕೊಟ್ಟಿದ್ದ. ನೂರು ಮಿಲಿಲೀಟರ್ ಅಕ್ಕಿಯನ್ನು ಕಾದ ಮರಳಿಗೆ ಹಾಕಿ, ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿದು, ನಮ್ಮ ಲ್ಯಾಬಿನ ದೊಡ್ಡ ಅಳತೆ ಜಾಡಿಯಲ್ಲಿ ಸುರಿದು ನೋಡುವುದು. ನೂರ ಅರವತ್ತು ಡಿಗ್ರಿಯಿಂದ ಇನ್ನೂರ ನಲವತ್ತರವರೆಗೆ ಐದು ಶಾಖ, ಒಂದೊಂದಕ್ಕೂ ಮೂರು ಸಲ. ಒಟ್ಟು ಹದಿನೈದು ಅಳತೆ. ನಾನು ಬೆಳಿಗ್ಗೆ ಒಂದು ಗಂಟೆ ನಿಂತು ನೋಡಿ, ಸರಿಯಾಗಿ ಮಾಡುತ್ತಿದ್ದಾಳೆ ಅನ್ನಿಸಿ ವಿದ್ಯಾನಗರದ ಮನೆಗೆ ವಾಪಸ್ ಬಂದಿದ್ದೆ.

ಅವಳ ಮೊದಲ ಗ್ರಾಫ್ ನೋಡಿ ನಗು ಬಂದಿತ್ತು. ಒಂದು ಸೆಂಟಿಮೀಟರಿಗೆ ಮೂವತ್ತು ಡಿಗ್ರಿ ಅಂತ ಇಟ್ಟುಕೊಂಡಿದ್ದಳು. ಇನ್ನೂರು ಡಿಗ್ರಿ ಎಲ್ಲಿ ಬರುತ್ತದೆ ಅಂತ ಹುಡುಕಲು ಭೂತಗನ್ನಡಿ ಬೇಕಿತ್ತು. ಚುಕ್ಕೆಯಿಂದ ಚುಕ್ಕೆಗೆ ಸ್ಕೇಲ್ ಇಟ್ಟು ಗೆರೆ ಎಳೆದು ಗರಗಸದ ಹಲ್ಲು ಮಾಡಿಟ್ಟಿದ್ದಳು. ಪಕ್ಕ ಕೂರಿಸಿಕೊಂಡು ತಿದ್ದಿದೆ. ಎರಡು ಸೆಂಟಿಮೀಟರಿಗೆ ಇಪ್ಪತ್ತು ಡಿಗ್ರಿ ಇಟ್ಟರೆ ಒಂದು ಸಣ್ಣ ಮನೆಗೆ ಒಂದು ಡಿಗ್ರಿ ಬೀಳುತ್ತದೆ, ಲೆಕ್ಕ ಸಲೀಸು. ಅಡ್ಡ ಅಕ್ಷ ನೂರ ನಲವತ್ತರಿಂದ ಶುರುವಾದರೂ ನಡೆಯುತ್ತದೆ. ಆದರೆ ಅರಳಿದ ಅಳತೆಯ ನಿಂತ ಅಕ್ಷ ಸೊನ್ನೆಯಿಂದಲೇ ಏಳಬೇಕು, ಇಲ್ಲದಿದ್ದರೆ ಸ್ವಲ್ಪ ಅರಳಿದ್ದೂ ಬೆಟ್ಟದಷ್ಟು ಕಾಣುತ್ತದೆ. ಪ್ರತಿ ಅಕ್ಷದ ಪಕ್ಕ ಏನನ್ನು ಅಳೆದೆವು, ಯಾವ ಮಾನದಲ್ಲಿ ಅಳೆದೆವು ಅನ್ನುವುದು ಇರಲೇಬೇಕು. ಗೆರೆ ಚುಕ್ಕೆಗಳ ನಡುವೆ ಹಾದು ಹೋಗಬೇಕು, ಚುಕ್ಕೆಗೆ ಚುಕ್ಕೆ ಹೊಲಿಯಬಾರದು. ಹುಡುಗಿ ಚುರುಕು, ಒಮ್ಮೆ ಹೇಳಿದ್ದು ಸಾಕಾಯಿತು.

ಆಮೇಲೆ ಆ ಹಾಳು ಚುಕ್ಕೆ ಕಣ್ಣಿಗೆ ಬಿತ್ತು.

"ಇದೇನೇ ಇದು? ಇನ್ನೂರರಲ್ಲಿ ಆರುನೂರ ಎಂಬತ್ತು ಮಿಲಿಲೀಟರ್ ಅರಳಿದ್ದು ಇನ್ನೂರಿಪ್ಪತ್ತರಲ್ಲಿ ಐನೂರ ಅರವತ್ತಕ್ಕೆ ಇಳಿಯುತ್ತಾ? ಮುಂದೆ ಇನ್ನೂರ ನಲವತ್ತರಲ್ಲಿ ನೋಡಿದ್ರೆ ಒಂಬೈನೂರರ ಹತ್ರ ಐತೆ!"

"ಹಂಗೇ ಬಂತು ಮಿಸ್."

"ಹಂಗೆ ಬರಲ್ಲ. ಎಲ್ಲೋ ತಪ್ಪು ಅಳತೆ ಮಾಡಿದೀಯ. ಗೆರೆ ನೋಡು, ಏಳುನೂರ ತೊಂಬತ್ತು ಆಗ್ಬೇಕು. ಫೇರ್ ಕಾಪೀಲಿ ಸರಿ ಮಾಡ್ಕೊಂಡು ಬಾ."

ಇಷ್ಟನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೆ ಅವತ್ತು ಅದು ಮೋಸ ಅಂತ ನನಗೆ ಅನ್ನಿಸಲೇ ಇಲ್ಲ. ನಾವೆಲ್ಲ ಲ್ಯಾಬು ಕಲಿತಿದ್ದೇ ಹೀಗೆ. ಡಿಗ್ರಿ ಓದುವಾಗ ಲೋಲಕದ ಪ್ರಯೋಗದಲ್ಲಿ ಉತ್ತರ ಇಷ್ಟು ಬರಬೇಕು ಅಂತ ಮೊದಲೇ ಗೊತ್ತಿರುತ್ತಿತ್ತು. ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ತೆರೆದಿಟ್ಟುಕೊಂಡು ಮೊದಲು ಗೆರೆ ಎಳೆಯುತ್ತಿದ್ದೆವು, ಆಮೇಲೆ ಗೆರೆಯ ಮೇಲೆ, ನಂಬಿಕೆ ಬರಲಿ ಅಂತ ಒಂದೆರಡು ಪಕ್ಕದಲ್ಲಿ, ಚುಕ್ಕೆ ಇಡುತ್ತಿದ್ದೆವು. ಅಳತೆ ಬರೆಯುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. ಆಮೇಲೆ ಮೇಡಂ ಆದಾಗ ನನ್ನದೊಂದು ಕಾನೂನು ಮಾಡಿದ್ದೆ: ಫೇರ್ ಕಾಪಿ ಆದ ಮೇಲೆ ರಫ್ ಹಾಳೆ ಕಸದ ಬುಟ್ಟಿಗೆ. ಚಿತ್ತು, ಕಾಟು ನನಗೆ ಆಗುತ್ತಿರಲಿಲ್ಲ. ನನ್ನ ತರಗತಿಯ ರೆಕಾರ್ಡ್ ಪುಸ್ತಕಗಳು ಮದುವೆ ಪತ್ರಿಕೆಯ ಹಾಗೆ ಇರುತ್ತವೆ ಅಂತ ಇನ್‌ಸ್ಪೆಕ್ಷನ್‌ಗೆ ಬಂದವರು ಹೊಗಳಿದ್ದರು. ಅದರ ಜಂಬ ಬೇರೆ!

ಮಂಗಳವಾರ ಹುಡುಗಿ ಫೇರ್ ಕಾಪಿ ತಂದಳು. ಚುಕ್ಕೆ ಗೆರೆಯ ಮೇಲೆ ಬಂದು ಕೂತಿತ್ತು. ನಾನು ಅದನ್ನು ಸ್ಟಾಫ್ ರೂಮಿನ ಗೋಡೆಗೆ ಹಚ್ಚಿದೆ. ಹೆಡ್ ಮಾಸ್ಟರ್ ಕನ್ನಡಕ ಏರಿಸಿ ನೋಡಿ, "ಮೇಡಮ್ಮೋರೆ, ಪ್ರಿಂಟ್ ಹೊಡೆಸಿದಂಗೈತಲ್ರೀ!" ಅಂದರು.

ಗುರುವಾರ ಕೊನೆಯ ಪಿರಿಯಡ್ ಮುಗಿಸಿ ಬರುವಾಗ ಹುಡುಗಿ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು.

"ಮಿಸ್, ನಾನು ಹರಿಹರಕ್ಕೆ ಬರಲ್ಲ. ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗ್ರಿ."

"ಯಾಕೆ? ಮನೇಲಿ ಬ್ಯಾಡ ಅಂದ್ರಾ?"

ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಬಹಳ ಹೊತ್ತು ಕೆದಕಿದ ಮೇಲೆ ಬಾಯಿ ಬಿಟ್ಟಳು. ಗ್ರಾಫಿನ ಫೋಟೋವನ್ನು ಖುಷಿಯಿಂದ ಮಾವನಿಗೆ ತೋರಿಸಿದ್ದಾಳೆ. ಅವರು ಯಾವ ಚುಕ್ಕೆ ಯಾವುದರದ್ದು ಅಂತ ಒಂದೊಂದನ್ನೇ ಕೇಳಿಕೊಂಡು ಬಂದು ಇನ್ನೂರಿಪ್ಪತ್ತರ ಹತ್ತಿರ ನಿಂತಿದ್ದಾರೆ. ಅವತ್ತು ಮಧ್ಯಾಹ್ನದ ಆ ಮಂಡಕ್ಕಿ ಗಟ್ಟಿ ಗಟ್ಟಿಯಾಗಿತ್ತು, ನಾನೇ ಬಾಯಿಗೆ ಹಾಕಿಕೊಂಡು ನೋಡಿದ್ದೆ, ಇಲ್ಲಿ ಹೆಂಗೆ ಇಷ್ಟು ಅರಳಿತು ಅಂದಿದ್ದಾರೆ.

"ನೀನು ಏನಂದೆ?"

"ಮಿಸ್ ಹೇಳಿದ್ರು ಅಂದೆ." ಅವಳ ಕಣ್ಣು ತುಂಬಿತು. "ಮಾಮು ಸಿಟ್ಟು ಮಾಡ್ಲಿಲ್ಲ ಮಿಸ್. ಸುಳ್ಳು ಬರೆಯೋಕೆ ನನ್ನ ಭಟ್ಟಿ ಯಾಕ ಬೇಕಿತ್ತು, ಮನ್ಯಾಗೆ ಕೂತು ಬರೀಬೋದಿತ್ತಲ್ಲ ಬೇಟಿ ಅಂದ್ರು. ಆವಾಗಿಂದ ನನ್ ಜೊತೆ ಮಾತಾಡ್ತಿಲ್ಲ."

ನನಗೆ ಮೊದಲು ಬಂದದ್ದು ಕೋಪವೇ. ಮಂಡಕ್ಕಿ ಹುರಿಯುವವರು ನನಗೆ ಗ್ರಾಫ್ ಹೇಳಿಕೊಡಬೇಕಾ ಅಂತ ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿಯ ಮುಖ ನೋಡಿ ಮಾತು ಅಲ್ಲೇ ನಿಂತಿತು. ತನ್ನ ಮನೆಯಲ್ಲಿ ಅವಳು ಸುಳ್ಳಿಯಾಗಿದ್ದಳು, ನನ್ನ ಮಾತು ಕೇಳಿದ್ದಕ್ಕೆ.

"ರಫ್ ಹಾಳೆ ಹರಿದು ಹಾಕಿದ್ಯಾ?"

"ಇಲ್ಲ ಮಿಸ್. ಐತೆ." ಹೆದರಿಕೊಂಡೇ ಬ್ಯಾಗಿನಿಂದ ತೆಗೆದಳು. ನನ್ನ ಕಾನೂನು ಮುರಿದಿದ್ದಕ್ಕೆ ಬೈಗುಳ ಬೀಳುತ್ತದೆ ಅಂದುಕೊಂಡಿರಬೇಕು.

ಲ್ಯಾಬಿನಲ್ಲೇ ಕೂತು ಆ ಹಾಳೆ ಬಿಡಿಸಿದೆ. ಎಣ್ಣೆ ಕೈ, ಮಸಿ, ಬದಿಯಲ್ಲಿ ಸುಟ್ಟ ಕಲೆ. ಆದರೆ ಪ್ರತಿ ಅಳತೆಯ ಮುಂದೆ ಗಂಟೆ, ನಿಮಿಷ ಕೂಡ ಬರೆದಿದ್ದಳು. ಹೊಸ ಕೈಗಡಿಯಾರ ಕಟ್ಟಿದ ಸಂಭ್ರಮಕ್ಕೆ ಬರೆದೆ ಅಂದಳು. ಇನ್ನೂರಿಪ್ಪತ್ತರ ಮುಂದೆ ಮೂರು ಅಳತೆ ಇದ್ದವು: ಐನೂರ ಅರವತ್ತು, ಐನೂರ ಐವತ್ತು, ಐನೂರ ಎಪ್ಪತ್ತು.

ಆ ಮೂರನ್ನು ನೋಡುತ್ತಾ ಕೂತೆ. ಕೈ ತಪ್ಪಿನಿಂದ ಅಳತೆ ಕೆಟ್ಟರೆ ಒಂದು ಅತ್ತ, ಒಂದು ಇತ್ತ ಚೆದುರಿ ಬೀಳುತ್ತದೆ. ಮೂರು ಸಲ ಒಂದೇ ತಪ್ಪು ಒಂದೇ ಜಾಗಕ್ಕೆ ಬಂದು ಬೀಳುವುದಿಲ್ಲ. ಸರಾಸರಿ ತೆಗೆದು ಒಂದೇ ಚುಕ್ಕೆ ಇಡಿಸಿ, ಈ ಮೂರೂ ಅಕ್ಕಪಕ್ಕ ಕೂತಿರುವುದು ಕಾಣದ ಹಾಗೆ ನಾನೇ ಮಾಡಿದ್ದೆ. ಹುಡುಗಿ ಸರಿಯಾಗಿಯೇ ಅಳೆದಿದ್ದಾಳೆ! ಹಾಗಾದರೆ ಕೆಟ್ಟಿದ್ದು ಅಳತೆಯಲ್ಲ, ಅವತ್ತು ಮಧ್ಯಾಹ್ನ ಭಟ್ಟಿಯಲ್ಲಿ ಏನೋ ನಡೆದಿದೆ. ಗಂಟೆಗಳನ್ನು ನೋಡಿದೆ. ಇನ್ನೂರು ಡಿಗ್ರಿಯ ಕೊನೆಯ ಅಳತೆ ಹನ್ನೆರಡು ಮುಕ್ಕಾಲಿಗೆ, ಇನ್ನೂರಿಪ್ಪತ್ತರ ಮೊದಲನೆಯದು ಎರಡೂ ಕಾಲಿಗೆ. ನಡುವೆ ಒಂದೂವರೆ ಗಂಟೆ ಬಿಡುವು.

"ಈ ಹೊತ್ತಲ್ಲಿ ಏನು ಮಾಡ್ತಿದ್ರಿ?"

"ಶುಕ್ರವಾರ ಅಲ್ವಾ ಮಿಸ್, ಎಲ್ರೂ ನಮಾಜ್‌ಗೆ ಹೋದ್ರು. ನಾನು ಮನೆಗೆ ಊಟಕ್ಕೆ ಹೋದೆ."

ಹೆಡ್ ಮಾಸ್ಟರ್ ಹತ್ತಿರ ಹೋಗಿ ಗ್ರಾಫ್ ತಪ್ಪಾಗಿದೆ, ಗೋಡೆಯಿಂದ ತೆಗೆಯುತ್ತೇನೆ, ಪ್ರಯೋಗ ಮತ್ತೆ ಮಾಡಬೇಕು ಅಂದೆ. ಅವರು ಕುರ್ಚಿಯಿಂದ ಅರ್ಧ ಎದ್ದರು.

"ಆರು ದಿನ ಐತ್ರೀ ಇನ್ನ! ಎಂಟ್ರಿ ಹೋಗೈತೆ. ಇರೋದು ಇಷ್ಟು ಚಂದ ಐತೆ, ಯಾಕ ಕೆದಕ್ತೀರಿ? ಆಗ್ಲಿಲ್ಲ ಅಂದ್ರೆ ಶಾಲೆಯಿಂದ ಯಾರೂ ಹೋಗಂಗಿಲ್ಲ ನೋಡ್ರಿ ಮತ್ತೆ."

"ಹೋಗದಿದ್ರೆ ಹೋಗ್ಲಿ ಬಿಡ್ರಿ ಸರ್. ಸುಳ್ಳಂತೂ ಹೋಗಲ್ಲ."

ಹೇಳುವುದೇನೋ ಹೇಳಿದೆ. ಆ ಹುಡುಗಿ ಒಂದು ವರ್ಷ ಕಾದು ಗಿಟ್ಟಿಸಿಕೊಂಡ ಅವಕಾಶ ಅದು. ಆದರೆ ಚಂದದ ಗ್ರಾಫ್ ಹಿಡಿದು, ಮಾವನ ಮುಖ ನೋಡಲಾಗದೆ ಅವಳು ವೇದಿಕೆ ಮೇಲೆ ನಿಲ್ಲುವುದನ್ನು ಯೋಚಿಸಲೂ ನನ್ನಿಂದ ಆಗಲಿಲ್ಲ.

ಅವತ್ತೇ ಸಂಜೆ ಹುಡುಗಿಯನ್ನು ಸ್ಕೂಟರ್ ಹತ್ತಿಸಿಕೊಂಡು ಭಟ್ಟಿಗೆ ಹೋದೆ. ಹೊಗೆ ಹಿಡಿದು ಕಪ್ಪಾದ ಸೂರಿನ ಕೆಳಗೆ ಮಾವ ಉದ್ದನೆಯ ಸೌಟಿನಿಂದ ಮರಳು ಕೆದಕುತ್ತಿದ್ದರು. ನನ್ನನ್ನು ಕಂಡು ಸೌಟು ಪಕ್ಕದವರಿಗೆ ಕೊಟ್ಟು ಬಂದರು. ಸ್ಟೂಲ್ ಒರೆಸಿ, "ಬರ್ರಿ ಮೇಡಂ, ಕೂಡ್ರಿ," ಅಂದರು. ಹುಡುಗಿಯ ಕಡೆ ತಿರುಗಿ ನೋಡಲಿಲ್ಲ.

ನಾನು ಕೂರಲಿಲ್ಲ. "ತಪ್ಪು ನಂದು. ಇವಳು ಸರಿಯಾಗಿ ಬರೆದಿದ್ಲು. ನಾನು ತಿದ್ದಿಸ್ದೆ," ಅಂದೆ.

ಅವರು ಒರೆಸಿದ ಸ್ಟೂಲನ್ನು ಪಕ್ಕಕ್ಕೆ ಸರಿಸಿದರು. "ಓದಿದೋರು ನೀವು. ನಮಗೇನು ಗೊತ್ತಾಗ್ತೈತ್ರಿ. ಆದ್ರೆ ನಾನು ನೋಡಿದ್ದು ನೋಡಿಲ್ಲ ಅಂದ್ರೆ ಹೆಂಗೆ?"

"ಅದಕ್ಕೇ ಬಂದೆ. ಆ ಮಧ್ಯಾಹ್ನ ಯಾಕೆ ಅರಳಲಿಲ್ಲ, ನೀವೇ ಹೇಳ್ರಿ."

ಅವರಿಗೆ ಆಶ್ಚರ್ಯವೇ ಆಯಿತು. ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ ನನ್ನನ್ನು ನೋಡಿದರು. "ಹದ ಹೋಗಿತ್ತಲ್ರಿ! ಉಪ್ಪುನೀರು ಕೊಟ್ಟು ಹದ ಮಾಡಿದ ಅಕ್ಕಿ ಕೂಡ್ಲೇ ಮರಳಿಗೆ ಬೀಳಬೇಕು. ಅವತ್ತು ನಾವು ನಮಾಜ್ ಮುಗಿಸಿ ಬರೋವರ್ಗೆ ಒಲಿ ಪಕ್ಕ ಬುಟ್ಟ್ಯಾಗೆ ತೆರದೇ ಇತ್ತು. ಪಸೆ ಆರಿ ಸೊರಗಿತ್ತು. ಅದು ಖಾಲಿ ಆದಮ್ಯಾಲೆ ಹೊಸ ಬುಟ್ಟಿ ಹದ ಮಾಡಿ ಕೊಟ್ಟೆ, ಮತ್ತೆ ಅರಳ್ತು."

ಇನ್ನೂರ ನಲವತ್ತರ ಚುಕ್ಕೆ ಏಕೆ ಮತ್ತೆ ಮೇಲೆ ಹೋಗಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಭಟ್ಟಿಯಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ, ಅಷ್ಟೆ.

"ಭಾನುವಾರ ಇನ್ನೊಂದು ಸಲ ಅಳೀಬೇಕು. ಬರಬೋದಾ?"

"ಬರ್ರಿ," ಅಂದರು. ಸೌಟು ವಾಪಸ್ ತೆಗೆದುಕೊಳ್ಳುತ್ತಾ ಸೇರಿಸಿದರು: "ಬರೆಯೋದು ಮಾತ್ರ ಆಗಿದ್ದೇ ಬರೀರಿ."

ಭಾನುವಾರ ಬೆಳಿಗ್ಗೆ ಏಳಕ್ಕೆ ಹೋದೆವು. ಈ ಸಲ ಎರಡು ಕೆಲಸ. ಮೊದಲನೆಯದು, ಇನ್ನೂರಿಪ್ಪತ್ತು ಡಿಗ್ರಿಯಲ್ಲಿ ಆಗಷ್ಟೇ ಹದ ಮಾಡಿದ ಅಕ್ಕಿಯನ್ನು ಅಳೆಯುವುದು. ಎರಡನೆಯದು, ಅದೇ ಶಾಖದಲ್ಲಿ ಅರ್ಧ ಗಂಟೆ, ಒಂದು ಗಂಟೆ, ಒಂದೂವರೆ ಗಂಟೆ ತೆರೆದಿಟ್ಟ ಅಕ್ಕಿಯನ್ನು ಅಳೆಯುವುದು. ಅಂದರೆ ಶಾಖ ಕದಲಬಾರದು, ತೆರೆದಿಟ್ಟ ಹೊತ್ತು ಮಾತ್ರ ಬದಲಾಗಬೇಕು.

ಶಾಖ ಕದಲಬಾರದು ಅನ್ನುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಬಾಣಲೆಯ ನಡುವೆ ಇನ್ನೂರಿಪ್ಪತ್ತು ತೋರಿಸುತ್ತಿದ್ದ ಥರ್ಮಾಮೀಟರ್ ಅಂಚಿನಲ್ಲಿ ಇನ್ನೂರರ ಮೇಲೆ ಎದ್ದೇಳುತ್ತಿರಲಿಲ್ಲ. ಮುಕ್ಕಾಲು ಗಂಟೆ ಅದರ ಜೊತೆ ಗುದ್ದಾಡಿದೆವು. ಕೊನೆಗೆ ಒಂದು ಕ್ರಮ ಮಾಡಿಕೊಂಡೆವು: ಹತ್ತು ಸಲ ಮರಳು ಕೆದಕುವುದು, ನಡುಮಧ್ಯೆ ನಾಲ್ಕು ಬೆರಳು ಆಳಕ್ಕೆ ತಂತಿ ಇಳಿಸುವುದು, ಅಂಕಿ ನಿಂತ ಮೇಲೆ ಅಕ್ಕಿ ಸುರಿಯುವುದು. ಮಾವ ಒಲೆಗೆ ಹೊಟ್ಟು ಒಂದೊಂದೇ ಹಿಡಿ ಹಾಕಿ ಶಾಖ ಹಿಡಿದು ನಿಲ್ಲಿಸಿದರು. ಥರ್ಮಾಮೀಟರ್ ನೋಡದೆ, ಮರಳಿನ ಮೇಲೆ ಎರಡು ಕಾಳು ಎಸೆದು ಅವರು "ಹಾಂ, ಈಗ ಹಾಕ್ರಿ" ಅಂದಾಗ ಅಂಕಿ ನೋಡಿದರೆ ಎರಡು ಡಿಗ್ರಿ ಆಚೆ ಈಚೆ ಇರುತ್ತಿತ್ತು. ನಾನು ಬೆರಗಾಗಿ ನೋಡುತ್ತಾ ನಿಂತೆ.

ತಾಜಾ ಅಕ್ಕಿ ಏಳುನೂರ ಎಂಬತ್ತರಿಂದ ಎಂಟುನೂರರ ನಡುವೆ ಅರಳಿತು. ಅರ್ಧ ಗಂಟೆಯದು ಸ್ವಲ್ಪ ಇಳಿಯಿತು. ಒಂದು ಗಂಟೆಯದರಲ್ಲಿ ಪೀಕಲಾಟ ಶುರುವಾಯಿತು. ಎರಡು ಅಳತೆ ಆರುನೂರ ಐವತ್ತರ ಹತ್ತಿರ ಬಂದರೆ ಮೂರನೆಯದು ಏಳುನೂರ ನಲವತ್ತು! ಪೆನ್ಸಿಲ್ ನನ್ನ ಕೈಯಲ್ಲಿತ್ತು. ಹಳೆಯ ಚಟ ನೋಡಿ, ಇದೊಂದನ್ನು ಬಿಟ್ಟು ಇನ್ನೊಂದು ಸಲ ಅಳೆದರಾಯಿತು ಅಂತ ಮನಸ್ಸು ಓಡಿತು. ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು.

"ಬರೀತೀನೇ, ಬರೀತೀನಿ!" ಅಂದು ಬರೆದೆ. ಅವಳು ಮೊದಲ ಸಲ ಕಿಸಕ್ಕನೆ ನಕ್ಕಳು.

ಆಮೇಲೆ ಕಾರಣವೂ ಸಿಕ್ಕಿತು. ಆ ಅಕ್ಕಿಯನ್ನು ತೆಗೆದಿದ್ದು ಬುಟ್ಟಿಯ ತಳದಿಂದ, ಅಲ್ಲಿ ಪಸೆ ಇನ್ನೂ ಆರಿರಲಿಲ್ಲ. ಮುಂದಿನ ಸುತ್ತಿಗೆ ಅಕ್ಕಿಯನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರವಿದೆವು, ಒಂದು ಗಂಟೆಯದನ್ನೂ ಹಾಗೇ ಮತ್ತೆ ಮಾಡಿದೆವು. ಏಳುನೂರ ನಲವತ್ತನ್ನು ಅಳಿಸಲಿಲ್ಲ, ಪಕ್ಕದಲ್ಲಿ "ಬುಟ್ಟಿಯ ತಳದ್ದು" ಅಂತ ಬರೆದೆವು. ಒಂದೂವರೆ ಗಂಟೆಯದು ಅಳೆದಾಗ ಜಾಡಿಯಲ್ಲಿ ಐನೂರ ಅರವತ್ತೈದು. ಉಳಿದೆರಡೂ ಅಷ್ಟರಲ್ಲೇ. ಶುಕ್ರವಾರದ ಮೂರು ಅಳತೆಗಳ ಜೊತೆ ಕೂಡಿಸಿದರೆ ಯಾವುದು ಯಾವ ದಿನದ್ದು ಅಂತ ಹೇಳಲಾಗದಷ್ಟು ಹತ್ತಿರ. ಖುಷಿಗೆ ನಾನು ಹುಡುಗಿಯ ಬೆನ್ನಿಗೆ ಬಾರಿಸಿದ ಏಟಿಗೆ ಜಾಡಿ ಅವಳ ಕೈಯಿಂದ ಬೀಳುವುದರಲ್ಲಿತ್ತು.

ಸೋಮವಾರ, ಮಂಗಳವಾರ ಗ್ರಾಫ್ ಬರೆದೆವು. ಸರಾಸರಿಯ ಒಂದು ಚುಕ್ಕೆ ಬೇಡ, ಅಳೆದ ಪ್ರತಿಯೊಂದೂ ಹಾಳೆಯ ಮೇಲೆ ಇರಲಿ ಅಂತ ತೀರ್ಮಾನಿಸಿದೆವು. ತಾಜಾ ಅಕ್ಕಿಗೆ ದುಂಡು ಚುಕ್ಕೆ, ತೆರೆದಿಟ್ಟ ಅಕ್ಕಿಗೆ ಗುಣಿಸು ಗುರುತು, ಯಾವುದು ಏನು ಅಂತ ಮೂಲೆಯಲ್ಲಿ ವಿವರ. ಪಾರದರ್ಶಕ ಸ್ಕೇಲನ್ನು ನಿಧಾನ ತಿರುಗಿಸುತ್ತಾ, ದುಂಡು ಚುಕ್ಕೆಗಳು ಮೇಲೆ ಎಷ್ಟೋ ಕೆಳಗೂ ಅಷ್ಟೇ ಉಳಿಯುವ ಹಾಗೆ ಗೆರೆ ಎಳೆದಳು. ಶುಕ್ರವಾರದ ಮೂರು ಗುಣಿಸು ಗುರುತುಗಳು ಗೆರೆ ಬಿಟ್ಟು ಕೆಳಗೇ ಉಳಿದವು. ಭಾನುವಾರ ತೆರೆದಿಟ್ಟು ಅಳೆದವು ಪಕ್ಕದ ಎರಡನೆಯ ಗ್ರಾಫಿನಲ್ಲಿ; ಅಲ್ಲಿ ತೆರೆದಿಟ್ಟ ಹೊತ್ತು ಹೆಚ್ಚಿದಂತೆ ಅರಳುವುದು ಇಳಿಯುತ್ತಿತ್ತು. ಮೊದಲನೆಯ ಗೆರೆಯನ್ನು ನಾನು ಅಭ್ಯಾಸಬಲದಿಂದ ಹಾಳೆಯ ಅಂಚಿನವರೆಗೂ ಎಳೆಯಲು ಹೇಳಿದೆ. ಅವಳು ಇನ್ನೂರ ನಲವತ್ತಕ್ಕೇ ಪೆನ್ಸಿಲ್ ಎತ್ತಿದಳು.

"ಮುಂದೆ ನಾವು ಅಳದಿಲ್ಲಲ್ಲ ಮಿಸ್."

ನಾನು ನಾಲಿಗೆ ಕಚ್ಚಿಕೊಂಡೆ.

ಬುಧವಾರ ಹರಿಹರದ ಕಾಲೇಜೊಂದರ ಸಭಾಂಗಣ. ಸುತ್ತ ಬಣ್ಣ ಬಣ್ಣದ ಮಾಡೆಲ್‌ಗಳು, ಮಿನುಗುವ ಬಲ್ಬುಗಳು. ನಮ್ಮದು ಎರಡು ಗ್ರಾಫ್, ಒಂದು ಕೊಳಕು ರಫ್ ಹಾಳೆ, ಎರಡು ಬಟ್ಟಲು ಮಂಡಕ್ಕಿ. ಹೆಡ್ ಮಾಸ್ಟರ್ ಬಂದು ನೋಡಿ, "ಆ ಹೊಲಸು ಹಾಳೆನಾದ್ರೂ ಒಳಗಿಡ್ರೀ," ಅಂತ ಪಿಸುಗುಟ್ಟಿದರು. ನಾನು ಕೇಳಿಸದ ಹಾಗೆ ನಿಂತೆ.

ತೀರ್ಪುಗಾರರಲ್ಲಿ ಒಬ್ಬರು ನಿವೃತ್ತ ಉಪನ್ಯಾಸಕರು, ಬಿಗಿ ಮುಖ. ನೇರ ಆ ಮೂರು ಗುರುತುಗಳ ಮೇಲೆ ಪೆನ್ ಇಟ್ಟರು.

"ಇವು ಯಾಕಮ್ಮ ಕೆಳಗೆ ಬಿದ್ದಾವೆ?"

ಹುಡುಗಿ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಎಲ್ಲ ಹೇಳಿದಳು. ಶುಕ್ರವಾರದ ಬಿಡುವು, ತೆರೆದ ಬುಟ್ಟಿ, ತಾನು ಮೊದಲು ಆ ಚುಕ್ಕೆಯನ್ನು ತಪ್ಪಾಗಿ ತಿದ್ದಿದ್ದು, ಆಮೇಲೆ ಮತ್ತೆ ಅಳೆದಿದ್ದು. ತಿದ್ದಿದ್ದು ಮಿಸ್ ಹೇಳಿದ್ದಕ್ಕೆ ಅನ್ನಲಿಲ್ಲ. ನಾನು ನಡುವೆ ಬಾಯಿ ಹಾಕಿ, "ತಿದ್ದಿಸಿದ್ದು ನಾನು ಸರ್," ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, ರಫ್ ಹಾಳೆ ಎತ್ತಿಕೊಂಡು ಬಹಳ ಹೊತ್ತು ಓದಿದರು.

"ಸರಿ. ಇನ್ನೂರ ಎಂಬತ್ತು ಡಿಗ್ರೀಲಿ ಎಷ್ಟು ಅರಳುತ್ತೆ?"

"ಗೊತ್ತಿಲ್ಲ ಸರ್. ಅಷ್ಟು ಕಾಯಿಸಿ ನೋಡಿಲ್ಲ."

"ಗೆರೆ ಮುಂದಕ್ಕೆ ಎಳೆದು ಹೇಳಬೋದಲ್ಲ?"

"ಸುಟ್ಟು ಹೋದ್ರೆ ಸರ್?"

ಆ ಬಿಗಿ ಮುಖದಲ್ಲಿ ಹಲ್ಲು ಕಂಡಿತು.

ಮಧ್ಯಾಹ್ನದ ಮೇಲೆ ಪಟ್ಟಿ ಓದಿದರು. ಮುಂದಿನ ಹಂತಕ್ಕೆ ಆರಿಸಿದ ಮೂರರಲ್ಲಿ ನಮ್ಮದು ಎರಡನೆಯದು. ಹೆಡ್ ಮಾಸ್ಟರ್ ಎಲ್ಲರ ಕೈ ಕುಲುಕುತ್ತಾ ತಿರುಗಾಡಿದರು. ನಾನು ಹುಡುಗಿಯನ್ನು ಹುಡುಕಿದೆ. ಅವಳು ಗ್ರಾಫಿನ ಮುಂದೆಯೇ ನಿಂತು ಬಾಗಿಲ ಕಡೆ ನೋಡುತ್ತಿದ್ದಳು. ಅಲ್ಲಿ ಅವಳ ಮಾವ ಚಪ್ಪಲಿ ಬಿಡುವುದೋ ಬೇಡವೋ ಅಂತ ಅನುಮಾನಿಸುತ್ತಾ ನಿಂತಿದ್ದರು. ಒಲೆ ಆರಿಸಿ, ಬಟ್ಟೆ ಬದಲಿಸಿ, ದಾವಣಗೆರೆಯಿಂದ ಬಸ್ ಹತ್ತಿ ಬಂದಿದ್ದರು.

ಬಹುಮಾನದ ವಿಷಯ ಅವರು ಕೇಳಲಿಲ್ಲ. ನೇರ ಗ್ರಾಫಿನ ಹತ್ತಿರ ಬಂದರು. ಹುಡುಗಿ ವಿವರಿಸಲು ಬಾಯಿ ತೆರೆದಳು, ಅವರು ಕೈ ಎತ್ತಿ ತಡೆದರು. ಎಡಗಡೆಯಿಂದ ಒಂದೊಂದೇ ಚುಕ್ಕೆಯ ಮೇಲೆ ಬೆರಳು ಇಡುತ್ತಾ, ಗೆರೆಯ ಜೊತೆ ಮೇಲೇರುತ್ತಾ ಬಂದರು. ಇನ್ನೂರಿಪ್ಪತ್ತರ ನೇರಕ್ಕೆ ಬೆರಳು ನಿಂತಿತು. ಮೆಲ್ಲಗೆ ಕೆಳಗಿಳಿದು ಆ ಮೂರು ಗುರುತುಗಳನ್ನು ಮುಟ್ಟಿತು.

"ಇದು ನಮ್ಮ ಶುಕ್ರವಾರದ್ದು. ಅಲ್ಲೇನು?"

"ಹೌದು ಮಾಮು."

ಅವರು ಬೆರಳು ತೆಗೆಯದೆ ಇನ್ನೊಂದು ಕೈಯನ್ನು ಅವಳ ತಲೆಯ ಮೇಲಿಟ್ಟರು.

"ಸರಿ ಐತೆ ಬೇಟಿ," ಅಂದರು.